ಹಾಳೆ ಮಗುಚಿದರೂ ನಿಲ್ಲದ ಓದು

ತರಗತಿಯ ಗೋಡೆಯ ಅಕ್ಷರಪಟಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ಕನ್ನು ಯಾರೂ ಬಿಚ್ಚಿರಲಿಲ್ಲ, ಗೆಳೆಯರೇ. ಕಿಟಕಿಯ ಬೆಳಕು ಬಿದ್ದು ಅಕ್ಷರಗಳೆಲ್ಲ ಬರಿಯ ಹೊಳಪಾಗಿದ್ದವು. ಮಕ್ಕಳು ಓದು ಕಲಿಯುವ ಬಗೆಯನ್ನು ಕುರಿತು ಸಂಶೋಧಕರು ಕಂಡುಕೊಂಡದ್ದನ್ನು ಮುಖ್ಯಶಿಕ್ಷಕರಿಗೆ ತಿಳಿಸಿ, ತರಗತಿಯಲ್ಲಿ ಜೊತೆಗೆ ನಿಂತು ಮಾಡಿಸುವುದು ನನ್ನ ಕೆಲಸ. ಕೊಳ್ಳೇಗಾಲದ ತರಬೇತಿಯಲ್ಲಿ ಎಲ್ಲಕ್ಕೂ ತಲೆಯಾಡಿಸಿದ್ದ ಮಾದೇವಯ್ಯ ಮೇಷ್ಟ್ರ ಶಾಲೆಯನ್ನು ನೋಡಲೆಂದು ಮಾರ್ಟಳ್ಳಿಯ ಕಡೆಗೆ ಹೋಗಿದ್ದೆ.

“ನಮ್ ಮಕ್ಳು ಎಂಗ್ ಓದ್ತವೆ ನೋಡಿ ಮೇಡಂ” ಎಂದು ಅವರು ಮೂರನೆಯ ತರಗತಿಯ ಸೆಲ್ವಿಯನ್ನು ಎಬ್ಬಿಸಿದರು. ಹುಡುಗಿ ಸಾಲಿನ ಮೇಲೆ ಬೆರಳಿಟ್ಟು ರಾಗವಾಗಿ ಓದತೊಡಗಿದಳು. ಏಕೋ ಅನುಮಾನ ಬಂದು ನಡುವೆಯೇ ಹಾಳೆ ಮಗುಚಿದೆ. ಬೆರಳು ಹೊಸ ಸಾಲಿನ ಮೇಲೆ ಹರಿಯಿತು. ಬಾಯಿ ಹಿಂದಿನ ಪುಟವನ್ನೇ ಹಾಡುತ್ತಿತ್ತು. ಕರಿಹಲಗೆಯಲ್ಲಿ ‘ಮರ’ ಎಂದು ಬರೆದೆ. ಅವಳು ನೆಲ ನೋಡಿದಳು.

“ಮನೇಲಿ ತಮಿಳು, ಮೇಡಂ. ಇವ್ಕೆ ತಲೆಗತ್ತಲ್ಲ” ಎಂದರು ಮೇಷ್ಟ್ರು, ಅವಳೆದುರೇ.

ನನ್ನ ಮೈಯೆಲ್ಲ ಉರಿಯಿತು. ಬಾಯಿಪಾಠವನ್ನೇ ಓದೆಂದು ಮಗುವನ್ನು ನಂಬಿಸಿ, ಕೊನೆಗೆ ತಪ್ಪನ್ನು ಅದರ ತಾಯಿಯ ನುಡಿಯ ಮೇಲೆ ಹೊರಿಸುವುದು ಎಂಥ ನ್ಯಾಯ? ಅಕ್ಷರಕ್ಕೂ ದನಿಗೂ ನಂಟು ಬೆಸೆಯದೆ, ದನಿಗಳು ಕೂಡಿ ಪದವಾಗುವುದನ್ನು ತೋರದೆ, ಆ ಪದಕ್ಕೆ ಮಗು ಬಲ್ಲ ಅರ್ಥವನ್ನು ಜೋಡಿಸದೆ ಓದು ಹುಟ್ಟದೆಂಬ ಅರಿವು ತರಬೇತಿಯ ಕೈಚೀಲದಲ್ಲೇ ಕೊಳೆಯಬೇಕೇ?

“ಹತ್ತಿಸಿದವರಾದರೂ ಯಾರು, ಮೇಷ್ಟ್ರೇ?” ಎಂದೆ. ದನಿ ಏರಿತ್ತು.

ಅವರೂ ಸಿಡಿದರು. “ಮೊಟ್ಟೆ ಲೆಕ್ಕ, ಮೀಟಿಂಗು, ಗಳಿಗೆಗೊಂದು ಫೋಟೋ ಕಳ್ಸಿ ಅಂತರೆ. ಕ್ಲಾಸ್ಗೋಗಕ್ಕೆ ಬುಟ್ಟಾರಾ ನನ್ನ?”

ಆ ಸಿಟ್ಟು ಸುಳ್ಳಲ್ಲ. ಓದು ಕಲಿಸಿ ಎಂದು ಅಬ್ಬರಿಸುವ ಕಚೇರಿಯೇ ಓದಿಸುವ ಹೊತ್ತನ್ನು ಕಿತ್ತುಕೊಳ್ಳುತ್ತದೆ. “ಹಾಗಾದರೆ ಈಗಲೇ ಕೂರೋಣ ಬನ್ನಿ” ಎಂದೆ.

ಮೇಷ್ಟ್ರು ಬಿಗಿದ ಮುಖದಲ್ಲೇ ಸೆಲ್ವಿಯ ಪಕ್ಕ ನೆಲದ ಮೇಲೆ ಕೂತರು. ಅವಳ ಸ್ಲೇಟಿನಲ್ಲಿ ಅದೇ ಪದ ಬರೆದು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ದನಿ ನುಡಿದರು, ಅವಸರಿಸಲಿಲ್ಲ. ಅವಳು ತಡವರಿಸಿದಳು, ಮತ್ತೆ ಹೇಳಿದಳು, ಕೂಡಿಸಿದಳು: “ಮ… ರ… ಮರ.” ತಟ್ಟನೆ ಕಿಟಕಿಯಾಚೆಯ ಹುಣಸೆಯತ್ತ ಕೈಚಾಚಿ, “ಮರಂ! ಸಾ, ಮರಂ!” ಎಂದು ಕೂಗಿದವಳು ಕೂಡಲೇ ಬಾಯಿ ಮುಚ್ಚಿಕೊಂಡಳು. ತರಗತಿಯಲ್ಲಿ ತಮಿಳಾಡಿದರೆ ಅಲ್ಲಿ ಬೈಗುಳ.

ಮೇಷ್ಟ್ರು ಆ ಮುಚ್ಚಿದ ಬಾಯನ್ನು ನೋಡಿದರು. ಆಮೇಲೆ ಮೆಲ್ಲಗೆ, “ಊಂ ಕಣವ್ವ, ಅದೇಯ. ನಿಮ್ ಮರಾನೇ ನಮ್ ಮರ. ಬಾಯ್ಬುಟ್ಟು ಏಳು, ಜೋರಾಗೇ ಏಳು” ಎಂದರು.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಓದಿನ ಅಭಿಯಾನದ ಚಿತ್ರ ಇನ್ನೂ ಬಂದಿಲ್ಲವೆಂಬ ಕಚೇರಿಯ ಗದರಿಕೆ ನನಗೂ ಕೇಳಿಸಿತು.

“ಮಕ್ಳು ಓದ್ತಾವೆ ಸಾ. ಆಮ್ಯಾಕೆ ಫೋನ್ ಮಾಡ್ತೀನಿ” ಎಂದು ಮೇಷ್ಟ್ರು ಫೋನನ್ನು ಕವುಚಿಟ್ಟು, ಸೆಲ್ವಿಯ ಪಕ್ಕದ ಮಗುವಿನತ್ತ ಸರಿದು ಕೂತರು.