ಜೋರು ಮಾಡೇ, ಕೇಳಿಸ್ತಿಲ್ಲ

ಶನಿವಾರ ಸಂಜೆ ಟೀವಿಯಲ್ಲಿ ಹಾಡಿನ ಸ್ಪರ್ಧೆ ಶುರುವಾಯಿತೆಂದರೆ ಆ ಮನೆಯಲ್ಲಿ ಮೊದಲು ಬಾಯಿ ತೆರೆಯುತ್ತಿದ್ದವಳು ಅಜ್ಜಿ. "ಜೋರು ಮಾಡೇ, ಕೇಳಿಸ್ತಿಲ್ಲ." ಇದು ಪಲ್ಲವಿ. ಮೊಮ್ಮಗಳು ಗೊಣಗುತ್ತ ರಿಮೋಟ್ ಒತ್ತುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮೇಲಿನ ಮನೆಯವರು ಕೋಲಿನಿಂದ ನೆಲ ಕುಟ್ಟುತ್ತಿದ್ದರು. "ಕುಟ್ಕೊಳ್ಳಲಿ ಬಿಡು, ತಾಳಕ್ಕಾಯ್ತು" ಎಂದು ಅಜ್ಜಿ ಕಾಲು ಚಾಚಿ ಕೂರುತ್ತಿದ್ದಳು.

ಸೊಸೆ ಮಾತ್ರ ಮನಸ್ಸಿನಲ್ಲೇ ಅತ್ತೆಗೆ ಕೈಮುಗಿಯುತ್ತಿದ್ದಳು. ಯಾಕೆಂದರೆ ಕಿವಿ ಕೈಕೊಟ್ಟದ್ದು ಸೊಸೆಗೂ. ಅತ್ತೆಗೆ ಕೇಳಿಸದ ಪುಣ್ಯದಿಂದ ಸೊಸೆಯ ಕಿವಿಗೂ ಒಂದಿಷ್ಟು ಸದ್ದು ಬೀಳುತ್ತಿತ್ತು. ಹಾಡಂತೂ ಅಲ್ಲ, ತಬಲಾದ ಗುದ್ದು, ಚಪ್ಪಾಳೆಯ ಮೊರೆತ, ಅಷ್ಟೇ. ಆದರೂ ದಿನವಿಡೀ ದುಡಿದು ಬಂದವಳಿಗೆ ಗಂಡ, ಮಗಳು, ಅತ್ತೆ ಒಂದೇ ಕಡೆ ಮುಖ ಮಾಡಿ ಕೂರುವ ಆ ಹೊತ್ತು ಬೇಕಿತ್ತು.

ಅವಳು ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿದ್ದಳು. ಕಿಟಕಿಯಿಲ್ಲದ ದೊಡ್ಡ ಕೋಣೆ, ಗಡಗಡ ಉರುಳುವ ಒಗೆಯುವ ಯಂತ್ರಗಳು, ಒದ್ದೆ ಹಾಸುಬಟ್ಟೆಯನ್ನು ಒಂದು ಕಡೆಯಿಂದ ನುಂಗಿ ಇನ್ನೊಂದು ಕಡೆ ಬಿಸಿ ಬಿಸಿ ಉಗುಳುವ ಇಸ್ತ್ರಿ ಉರುಳೆ. ಅಲ್ಲಿ ಮಾತಾಡಿದರೆ ಯಾರಿಗೂ ಕೇಳುವುದಿಲ್ಲ, ಹಾಗಾಗಿ ಎಲ್ಲರೂ ತುಟಿಯಲ್ಲಿ, ಹುಬ್ಬಿನಲ್ಲಿ ಮಾತಾಡುತ್ತಾರೆ. ಅತ್ತೆಯರನ್ನು ಬೈದುಕೊಳ್ಳುವುದಕ್ಕೂ ಅದೇ ಭಾಷೆ. ಅಂಥ ಜಾಗದಲ್ಲಿ ಕಿವಿ ಹೋದದ್ದು ಅವಳಿಗೇ ತಡವಾಗಿ ತಿಳಿಯಿತು. ಉರುಳೆ ಹೊರಳುವ ಮುಂಚೆ ಕೈ ತೆಗೆಯಿರಿ ಎಂದು ಬಾರಿಸುವ ಗಂಟೆ ಒಂದು ದಿನ ಕೇಳಿಸಲೇ ಇಲ್ಲ. ಎದುರಿಗಿದ್ದವಳು ಹುಬ್ಬು ಹಾರಿಸಿದ್ದಕ್ಕೆ ಬೆರಳು ಉಳಿದವು. ಅಂದಿನಿಂದ ಅವಳು ಗಂಟೆ ಬಿಟ್ಟು ಹುಬ್ಬನ್ನೇ ನಂಬಿದಳು.

ಹೇಳಿಕೊಳ್ಳುವುದಾದರೂ ಯಾರಿಗೆ? ಅವಳ ಜೊತೆಗಿದ್ದ ಉದ್ದ ಜಡೆಯವಳು ತನಗೂ ಕಿವಿ ಕೇಳಿಸುತ್ತಿಲ್ಲವೆಂದು ಮೇಸ್ತ್ರಿಯ ಹತ್ತಿರ ಹೇಳಿಕೊಂಡಳು. ಅವನು, "ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ ಅಕ್ಕ, ಇನ್ನು ಮನೇಲಿ ಆರಾಮಾಗಿರು" ಅಂದ. ಉದ್ದ ಜಡೆಯವಳು ಈಗ ಆರಾಮಾಗಿ, ಕೆಲಸವಿಲ್ಲದೆ, ಕಂಡವರ ಮನೆ ಬಾಗಿಲು ತಟ್ಟುತ್ತಿದ್ದಾಳೆ. ಗಂಡನಿಗೆ ಹೇಳೋಣವೆಂದರೆ ಆ ಬೀಗ ರಿಪೇರಿಯ ಮನುಷ್ಯ ಊರಿನ ಬೀಗಗಳನ್ನೆಲ್ಲ ತೆಗೆಯಬಲ್ಲ, ತನ್ನ ಬಾಯಿಗೊಂದು ಬೀಗ ಹಾಕಲಾರ. ಹೇಳಿದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು, ಬೀದಿಯಿಂದ ಮೇಸ್ತ್ರಿಗೆ ಎಷ್ಟು ದೂರ?

ಲಾಂಡ್ರಿಗಿಂತ ಮನೆಯೇ ಕಷ್ಟ. ಮನೆಯಲ್ಲಿ ಜನ ಬೆನ್ನ ಹಿಂದಿನಿಂದ ಮಾತಾಡುತ್ತಾರೆ, ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡುತ್ತಾರೆ. ಅವಳು ಎಲ್ಲಕ್ಕೂ "ಹೂಂ" ಅನ್ನುವುದನ್ನು ರೂಢಿ ಮಾಡಿಕೊಂಡಳು. ಹೂಂ ಅಂದರೆ ಜಗಳವಿಲ್ಲ, ಮರುಪ್ರಶ್ನೆಯಿಲ್ಲ. ಸುಸ್ತಾದವರಿಗೆ ಅದಕ್ಕಿಂತ ಒಳ್ಳೆಯ ಮಾತು ಇನ್ನೊಂದಿಲ್ಲ. ಹೋದ ವಾರ ಅವಳು ಪಾತ್ರೆ ತೊಳೆಯುತ್ತಿದ್ದಾಗ ಮಗಳು ಬಂದು ಹಿಂದೆ ನಿಂತದ್ದು ಗೋಡೆಯ ಮೇಲಿನ ನೆರಳಿನಿಂದ ಗೊತ್ತಾಯಿತು. ತಿರುಗಿದಾಗ ಅವಳ ತುಟಿ ಆಡಿ ಮುಗಿದಿತ್ತು. "ಹೂಂ, ಆಯ್ತು" ಅಂದಳು. ಮಗಳು ಸರಕ್ಕನೆ ತಿರುಗಿ ಹೊರಟುಹೋದಳು. ಅವತ್ತಿನಿಂದ ಆ ಹುಡುಗಿ ಮುಖ ಕೊಟ್ಟು ಮಾತಾಡಿರಲಿಲ್ಲ. ಏನು ಕೇಳಿದ್ದಳೋ ಎಂಬ ಚಿಂತೆ ತಾಯಿಯ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಇನ್ನೊಮ್ಮೆ ಕೇಳೋಣವೆಂದರೆ ಗುಟ್ಟು ಬಯಲಾಗುತ್ತದೆ.

ಸ್ಪರ್ಧೆಯಲ್ಲಿ ಅವಳ ಪಕ್ಷ ಕನ್ನಡಕದ ಹುಡುಗನದು. ಎಲ್ಲರೂ ಗುಂಗುರು ಕೂದಲಿನ ಹುಡುಗಿಗೆ ಮನಸೋತರೆ ಇವಳೊಬ್ಬಳೇ, "ಕನ್ನಡಕದವನ ಮುಂದೆ ಯಾರೂ ಇಲ್ಲ" ಎಂದು ಹಟ ಹಿಡಿದಿದ್ದಳು. ಅವನು ಹಾಡುವಾಗ ತುಟಿ ಬಿಡಿಸಿ ಬಿಡಿಸಿ ಹಾಡುತ್ತಿದ್ದ. ಒಂದೊಂದು ಮಾತೂ ಅವಳ ಕಣ್ಣಿಗೆ ಸ್ಪಷ್ಟವಾಗಿ ಬೀಳುತ್ತಿತ್ತು. ಗುಂಗುರು ಕೂದಲಿನವಳು ಮೈಕನ್ನು ಬಾಯಿಗೆ ಅಂಟಿಸಿಕೊಂಡೇ ಹಾಡುವವಳು. ಅವಳ ಹಾಡಿಗೆ ಏನು ಅಂಕ ಕೊಡುವುದು!

ಕೊನೆಯ ಸುತ್ತಿನ ದಿನ ಗಂಡ ಒಂದು ಡಬ್ಬಿ ಹಿಡಿದು ನಗುನಗುತ್ತ ಬಂದ. ಒಳಗೆ ವೈರಿಲ್ಲದ ಹೆಡ್‌ಫೋನು. "ಅಮ್ಮ, ಇನ್ನು ನಿನಗೆ ಬೇಕಾದಷ್ಟು ಜೋರು ಇಟ್ಕೋ. ಮೇಲಿನವರ ಕೋಲಿಗೂ ರಜೆ" ಎಂದು ತಾಯಿಯ ತಲೆಗೆ ಅದನ್ನು ಸಿಕ್ಕಿಸಿದ. ಟೀವಿಯ ಸದ್ದು ತಗ್ಗಿಸಿದ. ಅಜ್ಜಿ ಬೇಡವೆಂದು ಕೈ ಆಡಿಸಿದಳು, ಯಾರೂ ಲೆಕ್ಕಕ್ಕಿಡಲಿಲ್ಲ.

ಸೊಸೆಗೆ ಕೋಣೆ ಇದ್ದಕ್ಕಿದ್ದಂತೆ ಖಾಲಿಯಾದಂತಾಯಿತು. ಗುದ್ದೂ ಇಲ್ಲ, ಮೊರೆತವೂ ಇಲ್ಲ. ಇಷ್ಟು ದಿನದ ಆ ಒಂದು ಹೊತ್ತೂ ಹೋಯಿತಲ್ಲ ಎಂದು ಅಳು ಒತ್ತಿ ಬಂತು. ಆದರೂ ಕಣ್ಣು ನೆಟ್ಟು ಕೂತಳು. ಕನ್ನಡಕದವನು ಬಂದ, ತುಟಿ ಬಿಡಿಸಿ ಹಾಡಿದ, ಕಣ್ಣು ಮುಚ್ಚಿದ.

"ಅಬ್ಬ, ಇವತ್ತು ಎಲ್ಲಾ ದಿನಕ್ಕಿಂತ ಚೆನ್ನಾಗಿ ಹಾಡ್ದ" ಅಂದಳು.

ಗಂಡ ಮಗಳು ಇಬ್ಬರೂ ತಿರುಗಿ ನೋಡಿದರು. ಆ ಹುಡುಗನ ದನಿ ನಡುವೆ ಒಡೆದು, ಶ್ರುತಿ ಎಲ್ಲೋ ತಾನೆಲ್ಲೋ ಆಗಿ, ತೀರ್ಪುಗಾರರು ತಲೆ ತಗ್ಗಿಸಿ ಕೂತಿದ್ದರು.

"ನೋಡಿದ್ಯಾ ಅಪ್ಪ" ಮಗಳ ಮುಖ ಕೆಂಪಾಯಿತು. "ಅಮ್ಮ ಕೂತಿರ್ತಾಳೆ ಅಷ್ಟೇ. ಹಾಡೂ ಕೇಳಲ್ಲ, ನಮ್ಮ ಮಾತೂ ಕೇಳಲ್ಲ. ಕೋಣನ ಮುಂದೆ ಕಿನ್ನರಿ."

ಅಜ್ಜಿ ಎದ್ದಳು. ಹೆಡ್‌ಫೋನು ಕಳಚಿ, ಸೊಸೆಯ ಕೂದಲು ಸರಿಸಿ, ಅವಳ ಕಿವಿಗಳಿಗೆ ಇಟ್ಟಳು.

"ಇದು ಇವಳಿಗೆ ಬೇಕಾಗಿರೋದು. ನನ್ನ ಕಿವಿಗೇನಾಗಿದೆ? ಅಡುಗೆಮನೇಲಿ ಬೆಕ್ಕು ನಡೆದ್ರೂ ಕೇಳತ್ತೆ."

"ಮತ್ತೆ ಇಷ್ಟು ದಿನ ಜೋರು ಮಾಡು ಜೋರು ಮಾಡು ಅಂತ ಪ್ರಾಣ ತಿಂದ್ಯಲ್ಲಮ್ಮ?" ಅಂದ ಗಂಡ.

"ಹಿಂದಿನಿಂದ ಕರೆದ್ರೆ ಇವಳು ತಿರುಗಲ್ಲ ಅನ್ನೋದು ನನಗೆ ಯಾವತ್ತೋ ಗೊತ್ತಾಯ್ತು. ಇವಳು ಹೇಳಿದ್ರೆ ಆ ಉದ್ದ ಜಡೆಯವಳ ಹಾಗೆ ಇವಳ ಕೆಲಸಾನೂ ಹೋಗತ್ತೆ. ನಾನು ಕಿವುಡಿ ಅಂದ್ರೆ ನನ್ನನ್ನ ಯಾವ ಕೆಲಸದಿಂದ ತೆಗೀತಾರೆ? ನಿನ್ನ ಬಾಯಿಗೆ ಹೆದರಿ ನಾನೂ ಸುಮ್ಮನಿದ್ದೆ. ಈ ಮಾತು ಹೊಸಿಲು ದಾಟಿದ್ರೆ ನೋಡು."

ಬೀಗದವನು ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿದ.

ಸೊಸೆ ಅತ್ತೆಯ ತುಟಿಯಿಂದ ಒಂದೊಂದು ಮಾತನ್ನೂ ಓದಿಕೊಂಡಿದ್ದಳು. ಕಣ್ಣೀರು ತಾನಾಗಿ ಇಳಿಯುತ್ತಿತ್ತು. ಅಷ್ಟರಲ್ಲಿ ಕಿವಿಯೊಳಗೆ ಕನ್ನಡಕದವನ ದನಿ, ಹಳೆಯ ಸುತ್ತಿನದು, ಮತ್ತೆ ತೋರಿಸುತ್ತಿದ್ದರು. ಅವಳು ಮೂಗು ಒರೆಸಿಕೊಂಡು ಆಲಿಸಿದಳು.

"ಅಯ್ಯೋ, ಇವನು ಮೂಗಲ್ಲಿ ಹಾಡ್ತಾನೆ."

"ಅದನ್ನೇ ಇಷ್ಟು ದಿನ ನಿನಗೆ ಹೇಳ್ತಿದ್ದದ್ದು" ಅಂದ ಗಂಡ. ಅಜ್ಜಿ ನಕ್ಕಳು. ಮಗಳು ನಗಲಿಲ್ಲ. ಅವಳು ಎದ್ದು ಬಂದು ತಾಯಿಯ ಎದುರು ನೆಲದ ಮೇಲೆ ಕೂತಳು, ಮುಖಕ್ಕೆ ಮುಖ ಕೊಟ್ಟು. ತುಟಿ ಬಿಡಿಸಿ, ನಿಧಾನವಾಗಿ ಹೇಳಿದಳು:

"ಅವತ್ತು ಪಾತ್ರೆ ತೊಳೀತಿದ್ಯಲ್ಲ. ನಿನಗೆ ಸುಸ್ತಾಗಿದೆ, ನಾನು ಕಾಲೇಜು ಬಿಟ್ಟು ಕೆಲಸಕ್ಕೆ ಸೇರ್ಲಾ ಅಂತ ಕೇಳ್ದೆ. ಬೇಡ ಅಂತೀಯ ಅಂದ್ಕೊಂಡಿದ್ದೆ. ನೀನು ಹೂಂ ಅಂದೆ."

ತಾಯಿ ಅವಳ ತುಟಿಯನ್ನೇ ನೋಡುತ್ತಿದ್ದಳು.

"ಬಟ್ಟೆ ಅಂಗಡೀಲಿ ಸೋಮವಾರದಿಂದ ಬಾ ಅಂದಿದಾರೆ."

"ಬೇಡ" ಅಂದಳು ತಾಯಿ. ಕಿವಿ ತುಂಬ ಹಾಡಿತ್ತು, ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೆ ತಿಳಿಯಲಿಲ್ಲ. "ಬೇಡ. ಬೇಡ ಅಂದೆ ನಾನು. ಅವತ್ತೂ ಬೇಡ ಅಂತಲೇ ಅನ್ಕೋ."

ಮೇಲಿನ ಮನೆಯವರು ಕೋಲು ತೆಗೆದುಕೊಂಡು ಕುಟ್ಟತೊಡಗಿದರು. ಅದು ಅವಳಿಗೆ ಕೇಳಿಸಲಿಲ್ಲ, ಉಳಿದವರು ತಲೆಯೆತ್ತಲಿಲ್ಲ.