ಮಂಗಳವಾರದ ಸಪ್ಪಳ

ಮೋಟಾರಿನ ಮುಂದಿನ ಎಡ ಗಾಲಿ ಸಪ್ಪಳ ಮಾಡತೊಡಗಿದಾಗ ನಮ್ಮ ಮನೆಯಲ್ಲಿ ಯಾರೂ ಗಾಲಿಯ ಕಡೆ ನೋಡಲಿಲ್ಲ. ಎಲ್ಲರೂ ಡ್ರೈವರ್ ಕಡೆ ನೋಡಿದರು.

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆ್ಯಕ್ಷನ್ ಆಗಿ ಒಂದೆರಡು ವರ್ಷ ಕಳೆದಿದ್ದವು. ಅದಕ್ಕೂ ಮುಂಚೆ, ರಜಾಕಾರರ ಹಾವಳಿಯ ದಿನಗಳಲ್ಲಿ ನಮ್ಮ ಮನೆಯವರು ಬೀದರಿನ ಮನೆಗೆ ಬೀಗ ಹಾಕಿ ಸೊಲ್ಲಾಪುರಕ್ಕೆ ಹೋಗಿದ್ದರು. ತಿರುಗಿ ಬಂದಾಗ ಮನೆ ಹಾಗೇ ಇತ್ತು, ಆದರೆ ಓಣಿಯಲ್ಲಿ ಜನ ಒಬ್ಬರನ್ನೊಬ್ಬರು ನೋಡುವ ರೀತಿ ಬದಲಾಗಿತ್ತು. ಆಗ ಊರು ಬಿಟ್ಟು ಹೊರಟಿದ್ದ ಒಬ್ಬ ಜಾಗೀರದಾರರಿಂದ ಅಪ್ಪ ಹಳೆಯ ಮೋಟಾರೊಂದನ್ನು ಕೊಂಡರು. ಮೋಟಾರಿನ ಜೊತೆಗೆ ಅದರ ಡ್ರೈವರೂ ಬಂದರು. ಆ ಗಾಡಿಯ ಮರ್ಜಿ ಅವರಿಗಲ್ಲದೆ ಬೇರೆಯವರಿಗೆ ಗೊತ್ತಿರಲಿಲ್ಲ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಅವರದೂ ಹಳ್ಳಿಯಲ್ಲಿ ಒಂದು ಮನೆ ಇತ್ತು. ಪೊಲೀಸ್ ಆ್ಯಕ್ಷನ್ ಆದ ಮೇಲಿನ ದಿನಗಳಲ್ಲಿ ಅದು ಉಳಿಯಲಿಲ್ಲ. ಆ ವಿಷಯ ಅವರು ಹೇಳುತ್ತಿರಲಿಲ್ಲ, ನಾವು ಕೇಳುತ್ತಿರಲಿಲ್ಲ.

ನಾನು ಹೈದರಾಬಾದಿನಲ್ಲಿ ಪದವಿ ಮುಗಿಸಿ ಬಂದಿದ್ದೆ. ಉರ್ದುವಿನಲ್ಲಿ ನಡೆಯುತ್ತಿದ್ದ ಶಾಲೆಗಳು ಕನ್ನಡಕ್ಕೆ ತಿರುಗುತ್ತಿದ್ದವು, ಕಲಿಸುವವರು ಸಾಲುತ್ತಿರಲಿಲ್ಲ. ಮಂಗಳವಾರ ಔರಾದಿನಲ್ಲಿ, ಗುರುವಾರ ಭಾಲ್ಕಿಯಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಕಲಿಸುವ ಕೆಲಸ ನನಗೆ ಸಿಕ್ಕಿತು. ಅಪ್ಪ ಒಪ್ಪುವುದಕ್ಕೆ ಬಹಳ ದಿನ ತೆಗೆದುಕೊಂಡರು. ಕೊನೆಗೆ ಹಾಕಿದ ಷರತ್ತು ಒಂದೇ: ಬಸ್ಸಿನಲ್ಲಿ ಹೋಗಕೂಡದು, ಮನೆಯ ಮೋಟಾರಿನಲ್ಲೇ ಹೋಗಿ ಬರಬೇಕು. ಹಾಗಾಗಿ ನನ್ನ ಕೆಲಸ ನಿಂತಿದ್ದು ಆ ಮೋಟಾರಿನ ಮೇಲೆ, ಮೋಟಾರು ನಿಂತಿದ್ದು ಚಾಚಾ ಮೇಲೆ.

ಮೊದಲ ಸಲ ಸಪ್ಪಳ ಬಂದದ್ದು ಔರಾದಿಗೆ ಹೋಗುವಾಗ. ಊರು ದಾಟಿ ರಸ್ತೆ ಒರಟಾದೊಡನೆ ಎಡಗಡೆ ಮುಂದಿನಿಂದ ಕಟ್, ಕಟ್ ಎಂದು ಕೇಳಿಸಿತು. ತಗ್ಗಿಗೆ ಬಿದ್ದಾಗ ಜೋರಾಗುತ್ತಿತ್ತು. ಚಾಚಾ ಸ್ಟೇರಿಂಗನ್ನು ಸಣ್ಣಗೆ ಆಚೀಚೆ ತಿರುವುತ್ತಿದ್ದುದನ್ನು ನೋಡಿದರೆ ಗಾಡಿ ತನಗೆ ಬೇಕಾದತ್ತ ಎಳೆಯುತ್ತಿತ್ತು ಎಂದು ತಿಳಿಯುತ್ತಿತ್ತು.

"ಏನದು ಚಾಚಾ?"

"ಕೆಳಗಿನ ಸ್ಪ್ರಿಂಗು, ಕಮಾನು ಪಟ್ಟಿ ಇರ್ಬೇಕ್ರಿ ಬಾಯಾರ. ಹಳೇದು ಅದ, ಒಣಗ್ಯಾದ. ಎಣ್ಣಿ ಬಿಟ್ರ ಸುಮ್ಮನಾಗ್ತದ."

ಸಂಜೆ ಅವರು ಗಾಡಿಯ ಕೆಳಗೆ ಸೇರಿ ಬಹಳ ಹೊತ್ತು ಕೆಲಸ ಮಾಡಿದರು. ಗುರುವಾರ ಭಾಲ್ಕಿಗೆ ಹೋಗುವಾಗ ಸಪ್ಪಳ ಇರಲಿಲ್ಲ. ಮುಂದಿನ ಮಂಗಳವಾರ ಮತ್ತೆ ಬಂತು.

ಆ ರಾತ್ರಿ ಊಟದ ಹೊತ್ತಿಗೆ ಕಾಕಾ ಮಾತು ತೆಗೆದರು. ಅವರು ಅಪ್ಪನ ತಮ್ಮ, ಕಾಳುಕಡಿಯ ಅಡತಿ ಅಂಗಡಿಯಲ್ಲಿ ಕೂರುವವರು; ನಾನು ಊರೂರು ತಿರುಗುವುದು ಅವರಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ.

"ಬೇಕಂತಲೇ ಕೆಡಸ್ಲಾಕತ್ತಾನ ಅಣ್ಣಾ ಅವ. ನಾವು ಬ್ಯಾಸತ್ತು ಮಾರ್ಬೇಕು, ಅವನ ಹಳೇ ಧಣಿ ಬಂದು ತಗೋಬೇಕು."

"ಧಣಿ ಕರಾಚಿಗಿ ಹೋಗ್ಯಾನಲ್ಲೋ," ಎಂದರು ಅಪ್ಪ.

"ಹೋದವ್ರು ತಿರಗಿ ಬರಂಗಿಲ್ಲೇನು? ನಾವು ಬಂದಿಲ್ಲಾ?" ಕಾಕಾ ನನ್ನ ಕಡೆ ತಿರುಗಿದರು. "ಏನ್ ಮಾಸ್ತರಬಾಯಿ, ನೀ ಏನಂತಿ? ಗಾಲಿ ಕಳಚಿ ನೀ ಒಂದ್ ಕಡಿ, ನಿನ್ನ ಪಾಟಿ-ಪುಸ್ತಕ ಒಂದ್ ಕಡಿ ಬಿದ್ಮ್ಯಾಲ ಹೇಳ್ತಿಯೇನು?"

ಕಾಕಾನ ಮಾತನ್ನು ನಾನು ನಂಬಲಿಲ್ಲ, ಆದರೆ ಅದು ಕಿವಿಯಿಂದ ಹೊರಗೂ ಹೋಗಲಿಲ್ಲ.

ಅದರ ಮುಂದಿನ ಮಂಗಳವಾರ ನಾನು ಎಡಗಡೆ ಕಿಟಕಿಗೆ ಒತ್ತಿ ಕುಳಿತು ಬರೀ ಕೇಳುತ್ತ ಹೋದೆ. ಸಪ್ಪಳ ಎಂಜಿನ್ನಿನದಲ್ಲ, ಏಕೆಂದರೆ ಎಂಜಿನ್ ವೇಗ ಹೆಚ್ಚಿಸಿದರೂ ಇಳಿಸಿದರೂ ಅದು ಬದಲಾಗಲಿಲ್ಲ. ರಸ್ತೆ ನುಣುಪಾಗಿದ್ದಲ್ಲಿ ಕಡಿಮೆಯಾಗುತ್ತಿತ್ತು. ಮಾಂಜ್ರಾ ಹೊಳೆಯ ಇಳಿಜಾರಿನಲ್ಲಿ ಚಾಚಾ ಮೆತ್ತಗೆ ಬ್ರೇಕು ಒತ್ತಿ ಹಿಡಿದರು. ಕೆಳಗೆ ಕಲ್ಲುಗಳು ಅಷ್ಟೇ ಇದ್ದರೂ ಸಪ್ಪಳ ನಿಂತುಹೋಯಿತು. ಬ್ರೇಕು ಬಿಟ್ಟೊಡನೆ ಮತ್ತೆ ಕಟ್, ಕಟ್. ಇಳಿಜಾರು ಮುಗಿಯುವವರೆಗೆ ಹೀಗೇ ಆಯಿತು.

ನಾನು ಅದನ್ನೇ ಯೋಚಿಸಿದೆ. ಬ್ರೇಕು ಹಿಡಿಯುವುದು ಗಾಲಿಯನ್ನು, ಕಮಾನು ಪಟ್ಟಿಯನ್ನಲ್ಲ. ಪಟ್ಟಿ ಸಡಿಲವಾಗಿದ್ದರೆ ಬ್ರೇಕು ಒತ್ತಿದರೂ ಅದು ಬಡಿದುಕೊಳ್ಳಬೇಕು. ಬ್ರೇಕು ಹಿಡಿದಾಗ ಸುಮ್ಮನಾಗುವುದು ತನ್ನ ಅಚ್ಚಿನ ಮೇಲೆ ಅಲುಗಾಡುತ್ತಿರುವ ಗಾಲಿ ಮಾತ್ರ. ನನಗೆ ಇಷ್ಟು ತಿಳಿಯುವುದಾದರೆ, ಇಪ್ಪತ್ತು ವರ್ಷ ಗಾಡಿ ಓಡಿಸಿದವರಿಗೆ ತಿಳಿಯದೆ ಇರುತ್ತದೆಯೆ?

"ಚಾಚಾ, ಇದು ಗಾಲಿದಲ್ಲೇನು?"

ಅವರು ತಿರುಗಿ ನೋಡಲಿಲ್ಲ. "ಇಲ್ರಿ. ಕಮಾನಿಂದೇ ಅದ."

ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ಆಗ ಖಚಿತವಾಯಿತು. ಔರಾದಿನಲ್ಲಿ ಇಳಿದಾಗ ಗಾಲಿಯ ನಡುವಿನ ಹಿತ್ತಾಳೆ ಮುಚ್ಚಳ ನೋಡಿದೆ. ಮುಚ್ಚಳದಿಂದ ಗಾಲಿಯವರೆಗೆ ಸುಣ್ಣದ ತೆಳು ಗೆರೆಯೊಂದನ್ನು ಯಾರೋ ಎಳೆದಿದ್ದರು. ಗೆರೆಯ ಎರಡು ತುಂಡುಗಳು ಕೂಡುತ್ತಿರಲಿಲ್ಲ; ಮುಚ್ಚಳವನ್ನು ತಿರುವಿ ಮತ್ತೆ ಹಾಕಿದ್ದರು.

"ಈ ಸುಣ್ಣ ಯಾರು ಹಚ್ಚಿದ್ದು?"

"ಗೊತ್ತಿಲ್ರಿ," ಎಂದರು ಚಾಚಾ. ಅವರ ಬಲಗೈ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಸುಣ್ಣ ಇತ್ತು. ಅವರು ಎಲೆ ಅಡಿಕೆ ತಿನ್ನುವವರು, ಸುಣ್ಣ ಇರುವುದರಲ್ಲಿ ಏನೂ ವಿಶೇಷವಿಲ್ಲ ಎಂದುಕೊಂಡೆ. ಆದರೂ ಅಂದು ತರಗತಿಯಲ್ಲಿ ಹುಡುಗಿಯರು ಒತ್ತಕ್ಷರ ಬರೆಯುತ್ತಿದ್ದಾಗ ನಾನು ಬೋರ್ಡಿನ ಮೇಲೆ ಒಂದು ಗೆರೆ ಎಳೆದು ಅಳಿಸಿ ಮತ್ತೆ ಎಳೆಯುತ್ತಿದ್ದೆ.

ಮನೆಗೆ ಬಂದ ಮೇಲೆ ಅನುಮಾನ ಬೇರೆ ದಾರಿ ಹಿಡಿಯಿತು. ಗುರುವಾರ ಭಾಲ್ಕಿಗೆ ಹೋಗುವಾಗ ಯಾಕೆ ಸಪ್ಪಳ ಬರುವುದಿಲ್ಲ? ಮಂಗಳವಾರದ ಹಿಂದಿನ ದಿನ ಸೋಮವಾರ. ಸೋಮವಾರ ನಮ್ಮಲ್ಲಿ ಎತ್ತಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಮೋಟಾರು ಬಂದ ಮೇಲೆ ಅಪ್ಪ ಅದಕ್ಕೂ ಅದೇ ಕಟ್ಟಳೆ ಮಾಡಿದ್ದರು. ಅಂದು ಚಾಚಾಗೆ ರಜೆ. ಗಾಡಿ ಹಿತ್ತಲಿನ ಕೊಟ್ಟಿಗೆಯ ಪಕ್ಕ ದಿನವಿಡೀ ನಿಂತಿರುತ್ತಿತ್ತು. ಅಂದು ಚಾಚಾ ಇಲ್ಲದಿದ್ದರೆ, ಇರುವವರು ಯಾರು? ನಾನು ಔರಾದಿಗೆ ಹೋಗುವುದು ನಿಂತರೆ ಸಂತೋಷಪಡುವವರು ಯಾರು? ಕಾಕಾ ಊಟಕ್ಕೆ ಕುಳಿತಾಗ ಅವರ ಕೈಗಳನ್ನು ನೋಡಿದೆ. ಸ್ವಚ್ಛವಾಗಿದ್ದವು. ಅದೂ ಅನುಮಾನಕ್ಕೇ ಕಾರಣವಾಯಿತು.

ಆದಿತ್ಯವಾರ ಅಪ್ಪ ಮನ್ನಳ್ಳಿಯ ಹೊಲಕ್ಕೆ ಮೋಟಾರಿನಲ್ಲಿ ಹೋಗಿ ಸಂಜೆ ಬಂದರು. ಇಳಿದವರೇ ಚಾಚಾನನ್ನು ಅಂಗಳದಲ್ಲಿ ನಿಲ್ಲಿಸಿ ಹೇಳಿದರು: "ನೋಡಪ್ಪಾ, ಈ ಮಂಗಳವಾರ ಸಪ್ಪಳ ಬಂತಂದ್ರ ನೀ ಬ್ಯಾರೆ ಕಡಿ ನೋಡ್ಕೋ. ಹೆಣ್ಮಗಳು ಕೂಡ್ತಾಳ ಅದರಾಗ."

"ಹೂಂ ರೀ ಸಾವ್ಕಾರ್ರೆ."

ಆಮೇಲೆ ಒಳಗೆ ಬಂದು ನನಗೆ ಹೇಳಿದರು: "ಅವ ಹೋದ್ರ ಔರಾದೂ ಹೋಯ್ತು, ಭಾಲ್ಕಿನೂ ಹೋಯ್ತು ನೋಡವ್ವಾ. ಇನ್ನೊಬ್ಬ ಡ್ರೈವರ್ ನನ್ನ ಕಡಿಂದ ಆಗಂಗಿಲ್ಲ."

ಸೋಮವಾರ ಬೆಳಿಗ್ಗೆ ತಲೆನೋವೆಂದು ಹೇಳಿ ಮಾಳಿಗೆಯ ಕೋಣೆಗೆ ಹೋದೆ. ಅದರ ಕಿಟಕಿಯಿಂದ ಹಿತ್ತಲು ಪೂರ್ತಿ ಕಾಣುತ್ತದೆ. ಕಾಕಾ ಬರುತ್ತಾರೆ ಎಂದು ಕಾದೆ. ಕಾಕಾ ಬರಲಿಲ್ಲ, ಅಂಗಡಿಗೆ ಹೋದರು. ಮುತ್ಯಾ ಬಂದರು.

ಮುತ್ಯಾ ಅಂದರೆ ಅಪ್ಪನ ಚಿಕ್ಕಪ್ಪ. ಮದುವೆಯಾಗದವರು. ಇಡೀ ಮನೆ ಸೊಲ್ಲಾಪುರಕ್ಕೆ ಹೋದಾಗಲೂ ಎತ್ತು ಬಿಟ್ಟು ಬರುವುದಿಲ್ಲವೆಂದು ಬೀಗ ಹಾಕಿದ ಮನೆಯ ಹಿತ್ತಲಿನ ಕೊಟ್ಟಿಗೆಯಲ್ಲೇ ಉಳಿದವರು. ಆ ದಿನಗಳಲ್ಲಿ ಅವರು ಏನು ಕಂಡರೋ, ಅಂದಿನಿಂದ ಚಾಚಾನ ಮತದವರಾರ ಕೂಡೆಯೂ ಮಾತಾಡುತ್ತಿರಲಿಲ್ಲ. ಚಾಚಾ ಕೂಡ ಕೊಟ್ಟಿಗೆಯತ್ತ ಕಾಲಿಡುತ್ತಿರಲಿಲ್ಲ.

ಅಂದು ಮುತ್ಯಾ ಸೋಮವಾರಗಳಂದು ಮಾಡುವ ಕೆಲಸವನ್ನೇ ಮಾಡಿದರು. ಎತ್ತಿನ ಮೈ ತೊಳೆದರು. ಬಂಡಿಯ ಗಾಲಿ ಸರಿಸಿ ಅಚ್ಚಿಗೆ ಕೀಲೆಣ್ಣೆ ಹಚ್ಚಿದರು. ಒಂದು ಗಾಲಿ, ಇನ್ನೊಂದು ಗಾಲಿ. ಆಮೇಲೆ ಅದೇ ಡಬ್ಬಿ ಹಿಡಿದುಕೊಂಡು ನೆಟ್ಟಗೆ ಮೋಟಾರಿನ ಹತ್ತಿರ ಹೋಗಿ, ಬಲಮಗ್ಗುಲು ಗೋಡೆಗೆ ಹತ್ತಿದ್ದರಿಂದ ಕೈಗೆಟುಕುತ್ತಿದ್ದ ಮುಂದಿನ ಎಡ ಗಾಲಿಯ ಎದುರು ಕುಳಿತು, ನಟ್ಟು ತಿರುವುವ ಪಾನಾ ಹಾಕಿ ಹಿತ್ತಾಳೆ ಮುಚ್ಚಳ ತಿರುವಿದರು.

ನಾನು ಇಳಿದು ಹೋಗುವಷ್ಟರಲ್ಲಿ ಒಳಗಿನ ಪಿನ್ನು ತೆಗೆದು ನಟ್ಟು ಸಡಿಲಿಸಿದ್ದರು.

"ಮುತ್ಯಾ, ಏನ್ ಮಾಡ್ಲಾಕತ್ತಿ?"

"ಕಾಣ್ಸಂಗಿಲ್ಲೇನು? ಎಣ್ಣಿ ಹಚ್ಲಾಕತ್ತೀನಿ." ಅವರಿಗೆ ಒಂದಿಷ್ಟೂ ಗಾಬರಿಯಾಗಲಿಲ್ಲ.

"ಪ್ರತಿ ಸೋಮವಾರ ಹಚ್ತಿಯೇನು?"

"ಮತ್ತ? ಬಂಡಿ ಗಾಲಿಗಿ ಬೇಕು, ಇದಕ್ಕ ಬ್ಯಾಡಾ? ನಿಮ್ಮ ಡ್ರೈವರ್ ಸಾಬ್ ಹ್ಯಾಂಗ ಬಿಗದಾನ ನೋಡು, ಉಸುರು ಕಟ್ಟಂಗ. ಗಾಲಿ ಅಂದ್ರ ಒಂಚೂರು ಆಡ್ಬೇಕು. ಸಪ್ಪಳ ಮಾಡ್ಬೇಕು. ಸಪ್ಪಳ ಇಲ್ದ ಬಂಡ್ಯಾಗ ಯಾರರೆ ಕೂಡ್ತಾರೇನು?"

ನಿಜ, ನಮ್ಮ ಕಡೆ ಬಂಡಿಯ ಗಾಲಿ ಅಚ್ಚಿನ ಮೇಲೆ ಆಡುತ್ತ ಕಟಕಟ ಎನ್ನಬೇಕು. ಹಾಗೆ ಅನ್ನುವ ಬಂಡಿಯೇ ಒಳ್ಳೆಯ ಬಂಡಿ. ನಾನು ಅಪ್ಪನನ್ನು ಕರೆದೆ. ಅಂಗಡಿಯಿಂದ ಕಾಕಾನೂ ಬಂದರು. ಬಿಚ್ಚಿದ ಗಾಲಿ, ಪಾನಾ ಹಿಡಿದ ಮುತ್ಯಾ, ಎರಡನ್ನೂ ನೋಡಿ ಕಾಕಾ ಹೇಳಿದ ಮೊದಲ ಮಾತು: "ಮುದುಕಗ ಇದನ್ನ ಬಿಚ್ಚೋದು ಕಲಿಸ್ದವ್ರು ಯಾರು, ಅದನ್ನ ಕೇಳು ಅಣ್ಣಾ. ಅವನೇ ಕಲಿಸ್ಯಾನ."

ಮುತ್ಯಾ ಪಾನಾ ನೆಲಕ್ಕೆ ಎಸೆದರು. "ಯಾವನೂ ಕಲಿಸಿಲ್ಲಲೇ! ನೀ ಚಡ್ಡಿ ಇಲ್ದ ತಿರಗೂ ಮುಂದಿಂದ ಗಾಲಿ ಬಿಚ್ಲಾಕತ್ತೀನಿ ನಾ. ನಿನ್ನೆ ಗಾಡಿ ಮನ್ನಳ್ಳಿಯಿಂದ ಬಂದಾಗ ಇದರ ಮ್ಯಾಲ ಕೈ ಇಟ್ಟು ನೋಡ್ದೇನು ನೀ? ಕಾದ ಹಂಚಾಗಿತ್ತು ಹಂಚು!"

ಅಪ್ಪ ಬಗ್ಗಿ ಗಾಲಿಯ ನಡುವೆ ನೋಡಿದರು. ನಾನೂ. ಕಾದಿತ್ತು ಎಂದರೆ ಗಾಲಿಯೊಳಗಿನ ಬೇರಿಂಗ್ ಅತಿಯಾಗಿ ಬಿಗಿದಿತ್ತು. ಸಡಿಲವಾದರೆ ಸಪ್ಪಳ, ಬಿಗಿಯಾದರೆ ಕಾವು. ಎರಡರಲ್ಲಿ ಯಾವುದು ಹೆಚ್ಚು ಅಪಾಯ ಎಂದು ಯೋಚಿಸಿದರೆ, ಸಪ್ಪಳ ಮಾಡದೆ ಬೇರಿಂಗ್ ಸುಟ್ಟು, ಓಡುತ್ತಿರುವಾಗಲೇ ಗಾಲಿ ಹಿಡಿದು ನಿಂತುಬಿಡುವುದೇ. ಗುರುವಾರಗಳಂದು ಭಾಲ್ಕಿಯ ದಾರಿಯಲ್ಲಿ ನಾನು ನೆಮ್ಮದಿಯಿಂದ ಕುಳಿತಿದ್ದೆನಲ್ಲ ಎನ್ನಿಸಿತು.

ಮಂಗಳವಾರ ಬೆಳಿಗ್ಗೆ ಚಾಚಾ ಬಂದಾಗ ಗಾಲಿ ಬಿಚ್ಚಿದ ಹಾಗೇ ಇತ್ತು, ಅಪ್ಪ ಕುರ್ಚಿ ಹಾಕಿಕೊಂಡು ಕುಳಿತಿದ್ದರು, ಮುತ್ಯಾ ಕೊಟ್ಟಿಗೆಯ ಕಂಬಕ್ಕೆ ಒರಗಿದ್ದರು. ಚಾಚಾ ಎಲ್ಲರನ್ನೂ ನೋಡಿದರು, ಕೈಯಲ್ಲಿದ್ದ ಟೋಪಿಯನ್ನು ತಲೆಗೆ ಹಾಕಿಕೊಂಡರು. ತಿರುಗಿ ಹೋಗುತ್ತಾರೆ ಎಂದುಕೊಂಡೆ.

"ಕಮಾನಿನ ಸಪ್ಪಳ ಅಲ್ಲಂತ ನಿನಗ ಗೊತ್ತಿತ್ತೇನು?" ಅಪ್ಪ ಕೇಳಿದರು.

"ಮೊದಲನೇ ದಿನಾನೇ ಗೊತ್ತಿತ್ರಿ. ನಟ್ಟಿಗಿ ಪಿನ್ ಅದ, ತಾನಾಗಿ ಬಿಚ್ಚಂಗಿಲ್ಲ. ಯಾರೋ ಬಿಚ್ಯಾರ."

"ಹೇಳ್ಬೇಕಿಲ್ಲಾ?"

"ಹ್ಯಾಂಗ ಹೇಳ್ಲಿ ಸಾವ್ಕಾರ್ರೆ? ನಿಮ್ಮ ಮನ್ಯಾಗ ಯಾರೋ ಗಾಲಿ ಬಿಚ್ತಾರ ಅಂತ ನಾ ಅನ್ಬೇಕಾ? ನಾ ಅಂದ್ರ ನೀವು ಕೇಳ್ತೀರಾ?" ಬಿಚ್ಚಿದ ಮುಚ್ಚಳದ ಕಡೆ ಕೈ ತೋರಿಸಿದರು. "ಅದಕ್ಕೇ ಸುಣ್ಣ ಹಚ್ಚಿಟ್ಟಿದ್ನಿ. ಯಾವಾಗ ಬಿಚ್ತಾರಂತ ತಿಳೀಲಿ ಅಂತ. ಖರೇ ಹೇಳ್ಬೇಕಂದ್ರ ಬಾಯಾರ ಮ್ಯಾಲೂ ಅನುಮಾನ ಇತ್ರಿ. ಬಗ್ಗಿ ಬಗ್ಗಿ ಗಾಲೀನೇ ನೋಡ್ತಿದ್ರು."

ಕಂಬದ ಹತ್ತಿರ ಮುತ್ಯಾ ನಕ್ಕರು. ಅವರು ನಕ್ಕದ್ದು ನೋಡಿ ಬಹಳ ದಿನಗಳಾಗಿದ್ದವು.

"ಅಷ್ಟ್ಯಾಕ ಬಿಗದಿ?" ಎಂದು ನಾನು ಚಾಚಾನನ್ನು ಕೇಳಿದೆ, ನಂತರ "ಬಿಗದ್ರಿ" ಎಂದು ತಿದ್ದಿಕೊಂಡೆ.

"ಸಪ್ಪಳ ಬಂದ್ರ ನೌಕರಿ ಹೋಗ್ತದಂತ ಮೊದಲಿಂದ್ಲೂ ಅಂಜಿಕಿ ಇತ್ರಿ. ಸಪ್ಪಳ ಸಾಯೂ ತನಕ ಬಿಗದೀನಿ. ಕಾಯ್ತದಂತ ಗೊತ್ತದ. ಕಾದದ್ದು ಯಾರಿಗಿ ಕೇಳಸ್ತದ?"

ಆಮೇಲೆ ಚಾಚಾ ಗಾಲಿಯ ಮುಂದೆ ಕುಳಿತು ಬೇರಿಂಗ್ ಒರೆಸಿದರು. ನಟ್ಟನ್ನು ಪೂರ್ತಿ ಬಿಗಿದರು, ಮತ್ತೆ ಸ್ವಲ್ಪ ಹಿಂದಕ್ಕೆ ತಿರುವಿದರು. ಜಾಕಿನ ಮೇಲಿದ್ದ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ ನೋಡಲು ಎರಡನೆಯ ಜೋಡಿ ಕೈ ಬೇಕಾಯಿತು. ಯಾರೂ ಕರೆಯದೆ ಮುತ್ಯಾ ಬಂದು ಹಿಡಿದರು.

"ಆಡ್ತದೇನ್ರಿ?" ಚಾಚಾ ನೆಲ ನೋಡುತ್ತ ಕೇಳಿದರು.

"ಇನ್ನಾ ಆಡ್ತದ." ಚಾಚಾ ನಟ್ಟನ್ನು ಇನ್ನೊಂದು ಚೂರು ತಿರುವಿದ ಮೇಲೆ, "ಹಾಂ. ಈಗ ಇಲ್ಲ. ತಿರುಗ್ತದ, ಆಡಂಗಿಲ್ಲ."

"ಇಲ್ಲಿಗಿ ಪಿನ್ ಹಾಕ್ಲೇನ್ರಿ?"

"ಹಾಕು. ನನಗೇನ್ ಕೇಳ್ತಿ, ಮೋಟಾರ್ ನಿಂದದ."

ಆ ದಿನ ಅಪ್ಪ ನನ್ನ ಜೊತೆ ಔರಾದಿಗೆ ಬಂದರು. ಚಾಚಾನ ಪಕ್ಕದಲ್ಲಿ ಕುಳಿತು ದಾರಿಯುದ್ದಕ್ಕೂ ಎಡಗಡೆಗೆ ಕಿವಿಗೊಟ್ಟಿದ್ದರು. ಹೊಳೆಯ ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗಲೂ ಬಿಟ್ಟಾಗಲೂ ಕಲ್ಲಿನ ಮೇಲೆ ಟೈರು ಉರುಳುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಸಂತಪುರ ದಾಟಿದ ಮೇಲೆ ಅಪ್ಪ ಗಾಡಿ ನಿಲ್ಲಿಸಲು ಹೇಳಿ, ಇಳಿದು, ಹಿತ್ತಾಳೆ ಮುಚ್ಚಳದ ಮೇಲೆ ಅಂಗೈ ಇಟ್ಟರು. ಬೇಗ ತೆಗೆಯಲಿಲ್ಲ. ನನ್ನನ್ನೂ ಇಳಿಸಿ ಇಡಿಸಿದರು. ಬಿಸಿಲಿಗೆ ಬೆಚ್ಚಗಾದ ಪಾತ್ರೆಯಷ್ಟೇ ಇತ್ತು.

ಶಾಲೆಯ ಮುಂದೆ ನಾನು ಇಳಿದಾಗ ಚಾಚಾ ಅಪ್ಪನಿಗೆ ಕೇಳಿದರು: "ಮತ್ತ ಬ್ಯಾರೆ ಕಡಿ ನೋಡ್ಕೋ ಅಂದಿದ್ರಲ್ಲ, ಆ ಮಾತು, ಸಾವ್ಕಾರ್ರೆ?"

"ಯಾವ ಮಾತು?"

ಅಪ್ಪ ರಸ್ತೆಯ ಕಡೆ ನೋಡುತ್ತಿದ್ದರು.

"ಇರ್ಲಿ ಬಿಡ್ರಿ," ಎಂದರು ಚಾಚಾ.

ಅಪ್ಪ ಈ ಕಡೆ ತಿರುಗಿದರು. "ಗುರುವಾರ ಭಾಲ್ಕಿಗಿ ಲಗೂ ಹೊರಡ್ಬೇಕು. ಇಕಿಗಿ ಹೊತ್ತಾಗಬಾರ್ದು."

"ಹೂಂ ರೀ."

ಒಳಗೆ ಹುಡುಗಿಯರು ಆಗಲೇ ಸಾಲಾಗಿ ಕುಳಿತಿದ್ದರು. ನಾನು ಹೋಗಿ ಹಾಜರಿ ಕರೆದೆ.