ಅಭಿಜಿತ್ ಪಕ್ಕದ ಹೊಗೆಯುಂಗುರ

ಶಿಡ್ಲಘಟ್ಟಕ್ಕೆ ಬಂದವರು ರೇಷ್ಮೆಹುಳು ಬೆಂದ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಹೇಸಿಗೆ ಹುಟ್ಟಿಸಿದ್ದು ಆ ವಾಸನೆಯಲ್ಲ, ನಮ್ಮ ಜನರ ಹಲ್ಲುಕಿರಿಯುವ ಮರ್ಯಾದೆ.

ಯೋಗನರಸಿಂಹ ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ನಾನು ಡ್ರಾಯಿಂಗ್ ಮೇಷ್ಟ್ರು. ಎರಡು ವರ್ಷ ದಪ್ಪ ಗಾಜನ್ನು ಕೈಯಲ್ಲೇ ಉಜ್ಜಿ ಕನ್ನಡಿ ಮಾಡಿ, ತಗಡಿನ ಕೊಳವೆಗೆ ಕೂರಿಸಿ, ೧೯೫೭ರಲ್ಲಿ ಅವರು ದೂರದರ್ಶಕ ಕಟ್ಟಿದರು. ಅಭಿಜಿತ್ ನಕ್ಷತ್ರದ ಪಕ್ಕದಲ್ಲಿ ಪುಟ್ಟ ಹೊಗೆಯುಂಗುರವೊಂದು ಅವರಿಗೆ ಕಂಡಿತು. ಮುದಿ ನಕ್ಷತ್ರ ಕಳಚಿ ಹಾಕಿದ ಹೊರಮೈ ಅದು. ಪುಸ್ತಕಗಳಲ್ಲಿ ಅದನ್ನು ಗ್ರಹ ನೀಹಾರಿಕೆ ಎನ್ನುತ್ತಾರೆ, ಗ್ರಹಗಳಿಗೂ ಅದಕ್ಕೂ ನಂಟಿಲ್ಲ.

ಚಿತ್ರವನ್ನು ಪುಸ್ತಕದಲ್ಲಿ ಮೊದಲೇ ನೋಡಿದ್ದರಿಂದ ಅವರಿಗೊಂದು ಅನುಮಾನ ಅಂಟಿಕೊಂಡಿತು.

"ನಾನು ಕಂಡಿದ್ದು ಆಕಾಶದಲ್ಲೋ, ನನ್ನ ತಲೇಲೋ? ಇನ್ನೊಬ್ಬರ ಕಣ್ಣಿಗೂ ಕಾಣ್ಬೇಕು ಕಣ್ರೀ. ಇಲ್ದಿದ್ರೆ ಪಟ್ಟ ಪಾಡೆಲ್ಲ ದಂಡ."

ನಾನು ನೋಡಿ "ಕಾಣ್ತು" ಎಂದೆ. ನೋಟ್‌ಬುಕ್ಕಿನಲ್ಲಿ ನನ್ನ ಹೆಸರು ಬರೆದುಕೊಂಡರು. ಆದರೆ ಸ್ನೇಹಿತನೊಬ್ಬನ ಮಾತು ಅವರಿಗೆ ಸಾಲಲಿಲ್ಲ. ನಾಲ್ಕು ವರ್ಷ, ಮೋಡವಿಲ್ಲದ ಸಂಜೆಗಳಲ್ಲಿ ಊರವರನ್ನು ಸ್ಕೂಲಿನ ಬಯಲಿಗೆ ಕರೆದರು. ಉಂಗುರವೆಂದು ಬಾಯಿಬಿಡದೆ, "ಏನು ಕಾಣ್ತು?" ಎಂದಷ್ಟೇ ಕೇಳುತ್ತಿದ್ದರು.

ಜನ ಚಪ್ಪಲಿ ಬಿಟ್ಟು ಬಂದರು. ಮಂಗಳಾರತಿಗೆ ನಿಂತ ಹಾಗೆ ಕೈಮುಗಿದು, ಮಸೂರಕ್ಕೆ ಮುಖವೊಡ್ಡಿ, ಕಣ್ಣು ಮುಚ್ಚಿದರು! "ಕಾಣ್ತು ಸಾರ್, ಬಹಳ ಚೆನ್ನಾಗೈತೆ" ಎಂದು ಹೊರಟರು. ಥೂ!

ಒಂದು ಸಂಜೆ ಮೇಷ್ಟ್ರು ಯಾರಿಗೂ ಹೇಳದೆ ಕೊಳವೆಯ ಬಾಯಿಗೆ ತಗಡಿನ ಮುಚ್ಚಳ ಹಾಕಿಟ್ಟರು. ಪುರಸಭೆಯ ಮೆಂಬರು ವೆಂಕಟರವಣಪ್ಪ ಬಗ್ಗಿ ನೋಡಿ, "ಇವತ್ತು ಇನ್ನೂ ಚೆನ್ನಾಗಿ ಕಾಣ್ತದೆ ಮೇಷ್ಟ್ರೇ" ಎಂದ. ಹಿಂದಿದ್ದವರೂ ಅದನ್ನೇ ಒಪ್ಪಿಸಿದರು. ಮೇಷ್ಟ್ರ ಮುಖ ನೋಡಲಾಗಲಿಲ್ಲ.

ಕೊನೆಗೆ ಬಂದವಳು ಅಮ್ಮಾಜಮ್ಮ, ಸ್ಕೂಲಿನ ಹಿಂದಿನ ಶೆಡ್ಡಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುವವಳು.

"ಏಮೀ ಲೇದು ಸಾಮಿ. ಬರೀ ಕತ್ತಲೆ."

"ಕಾಣ್ತು ಅಂದ್ಬಿಡಮ್ಮ, ಮೇಷ್ಟ್ರು ಬೇಜಾರು ಮಾಡ್ಕೊಂತಾರೆ" ಎಂದ ವೆಂಕಟರವಣಪ್ಪ. ಉಳಿದವರು ನಕ್ಕರು.

"ಕಾಣ್ದೇ ಇರೋದ್ನ ಹೆಂಗಪ್ಪಾ ಅನ್ಲಿ?"

ಮೇಷ್ಟ್ರು ಎಲ್ಲರೆದುರೇ ಮುಚ್ಚಳ ತೆಗೆದರು. ನೆರೆದವರ ನಗು ನಿಂತಿತು. ಅವಳು ಬಹಳ ಹೊತ್ತು ನೋಡಿದಳು.

"ನೆಟ್ಟಗೆ ನೋಡಿದ್ರೆ ಓಡೋಗ್ತದೆ. ಓರೆಗಣ್ಣಾಗೆ ನೋಡಿದ್ರೆ ಬರ್ತದೆ, ಕುದಿನೀರಾಗೆ ನಾವು ಎಳೆ ಹುಡುಕ್ತೀವಲ್ಲ ಹಂಗೆ. ದುಂಡಗದೆ ಸಾಮಿ. ಮಧ್ಯ ಖಾಲಿ."

ಮೇಷ್ಟ್ರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು ನೋಟ್‌ಬುಕ್ ತೆರೆದರು. ಲಾಟೀನು ಹಿಡಿದವನು ನಾನು. ನನ್ನ ಹೆಸರಿನ ಕೆಳಗೆ ಅವಳ ಹೆಸರು ಬರೆದರು.

ಆ ಮೊದಲ ಸಂಜೆ ನನಗೆ ಏನೂ ಕಂಡಿರಲಿಲ್ಲ. ಪೆನ್ಸಿಲು ಕೇಳಿ ಈಸಿಕೊಂಡು, ನನ್ನ ಹೆಸರನ್ನು ನಾನೇ ಹೊಡೆದುಹಾಕಿದೆ.